ಓದುಗರ ವಿಳಾಸ ಯಾರ ಬಳಿ ಇದೆ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಿಗರು ಕತೆಗಾರ್ತಿಯನ್ನೂ ಅನುವಾದಕಿ ದೀಪಾ ಭಾಸ್ತಿಯವರನ್ನೂ ಮನಸಾರೆ ಕೊಂಡಾಡಿದರು. ಆ ಸಂಭ್ರಮದಲ್ಲಿ, ಪುಸ್ತಕವನ್ನು ಬ್ರಿಟನ್ನಿನಲ್ಲಿ ಹೊರತಂದವರ ಬಗ್ಗೆ ಅಷ್ಟಾಗಿ ಮಾತು ಬರಲಿಲ್ಲ. ಶೆಫೀಲ್ಡ್ ನಗರದ ‘ಅಂಡ್ ಅದರ್ ಸ್ಟೋರೀಸ್’ ಒಂದು ಸಣ್ಣ ಪ್ರಕಾಶನ. ಲಾಭ ಅದರ ಗುರಿಯಲ್ಲ. ಮುಂದೆ ಬರಲಿರುವ ಪುಸ್ತಕಗಳಿಗಾಗಿ ಚಂದಾದಾರರು ಅಲ್ಲಿ ಮೊದಲೇ ಹಣ ಕಟ್ಟುತ್ತಾರೆ. ಪುಸ್ತಕ ಸಿದ್ಧವಾದಾಗ ಅವರ ಹೆಸರುಗಳೂ ಕೊನೆಯ ಪುಟಗಳಲ್ಲಿ ಅಚ್ಚಾಗುತ್ತವೆ. ಅದಕ್ಕೂ ಮೊದಲು, 2022ರಲ್ಲಿ, ಇದೇ ಪ್ರಶಸ್ತಿ ಪಡೆದ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯ ಅನುವಾದವನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿದ್ದೂ ‘ಟಿಲ್ಟೆಡ್ ಆ್ಯಕ್ಸಿಸ್’ ಎಂಬ ಇನ್ನೊಂದು ಸಣ್ಣ ಪ್ರಕಾಶನವೇ. ಭಾರತೀಯ ಭಾಷೆಗಳ ಕತೆಗಳನ್ನು ಬ್ರಿಟನ್ನಿನ ಓದುಗರ ಮುಂದಿಡುವ ಧೈರ್ಯವನ್ನು ಎರಡು ಸಲವೂ ತೋರಿದ್ದು ಸಣ್ಣವರು.

ಚಂದಾದಾರರನ್ನು ನಂಬಿ ಪುಸ್ತಕ ತರುವ ಕ್ರಮ ನಮಗೆ ಹೊಸದಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಇದೇ ನಂಬಿಕೆಯ ಮೇಲೆ. ಚಂದಾ ಕಟ್ಟಿದವರ ಮನೆಗೆ ಆ ವರ್ಷದ ಪುಸ್ತಕಗಳು ಹೋಗುತ್ತಿದ್ದವು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಹಸ್ತಪ್ರತಿ ಓದಿ ಸಲಹೆ ಕೊಡುತ್ತಿದ್ದರು. ಇಪ್ಪತ್ತಮೂರರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಈ ಮಾಲೆಯಿಂದಲೇ. ಹೆಸರಿಲ್ಲದ ಒಬ್ಬ ಯುವಕನ ಮೊದಲ ನಾಟಕವನ್ನು ಅಂಗಡಿಯಲ್ಲಿ ನೋಡಿ ಎಷ್ಟು ಜನ ಕೊಳ್ಳುತ್ತಿದ್ದರು? ಗ್ರಂಥಮಾಲೆಯ ಚಂದಾದಾರರು ಲೇಖಕನ ಹೆಸರು ನೋಡಿ ಹಣ ಕೊಟ್ಟವರಲ್ಲ, ಪ್ರಕಾಶಕರ ಆಯ್ಕೆಯನ್ನು ನಂಬಿ ಕೊಟ್ಟವರು. ಹೊಸ ಬರವಣಿಗೆ ಅಪಾಯವಿಲ್ಲದೆ ಹೊರಬರಲು ಆ ನಂಬಿಕೆಯೇ ಬಂಡವಾಳವಾಯಿತು.

ಸ್ವತಂತ್ರ ಪ್ರಕಾಶನದ ಭವಿಷ್ಯದ ಚರ್ಚೆ ಇಂದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ: ಅಚ್ಚಿನ ಪುಸ್ತಕ ಉಳಿಯುತ್ತದೆಯೋ, ಎಲ್ಲವೂ ಮೊಬೈಲಿಗೆ ಹೋಗುತ್ತದೆಯೋ? ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪುಸ್ತಕ ಓದುವವರು ಯಾರು, ಅವರು ಎಲ್ಲಿದ್ದಾರೆ, ಹಿಂದೆ ಏನು ಕೊಂಡರು, ಮುಂದೆ ಅವರಿಗೆ ಸುದ್ದಿ ತಿಳಿಸುವುದು ಹೇಗೆ ಎಂಬ ಮಾಹಿತಿ ಯಾರ ಕೈಯಲ್ಲಿದೆ? ಅದು ಪ್ರಕಾಶಕರ ಕೈಯಲ್ಲಿದ್ದರೆ ಅಚ್ಚಿನಲ್ಲೂ ಬದುಕಬಹುದು, ಡಿಜಿಟಲ್ ರೂಪದಲ್ಲೂ ಬದುಕಬಹುದು. ಬೇರೆಯವರ ಕೈಯಲ್ಲಿದ್ದರೆ ಎರಡು ಕಡೆಯೂ ಪರಾಧೀನತೆಯೇ.

ಕನ್ನಡದಲ್ಲಿ ಪ್ರಕಾಶನ ಮೊದಲಿನಿಂದಲೂ ಹೆಚ್ಚಾಗಿ ವ್ಯಕ್ತಿಗಳ ಛಲದಿಂದ ನಡೆದ ಕೆಲಸ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯ ನಡೆಸಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನವನ್ನು ಬೆಳೆಸಿದರು. ಬಳ್ಳಾರಿಯ ಲೋಹಿಯಾ ಪ್ರಕಾಶನ, ಗದಗಿನ ಲಡಾಯಿ, ಶಿವಮೊಗ್ಗದ ಅಹರ್ನಿಶಿ, ಬೆಂಗಳೂರಿನ ಅಭಿನವ, ಹೊಸ ಕತೆಗಾರರ ಹಸ್ತಪ್ರತಿಗಳಿಗೆ ಬಹುಮಾನವಿಟ್ಟು ಮೊದಲ ಸಂಕಲನ ತಂದ ವಸುಧೇಂದ್ರರ ಛಂದ ಪುಸ್ತಕ ಎಲ್ಲವೂ ಇದೇ ಪರಂಪರೆಯವು. ದೊಡ್ಡ ಬಂಡವಾಳದ ಕಂಪನಿಗಳು ಕನ್ನಡ ಪ್ರಕಾಶನವನ್ನು ಆಳುತ್ತಿಲ್ಲ ಎಂಬುದು ನಿಜ. ಆದರೂ ನಮ್ಮ ಪ್ರಕಾಶಕರು ಸ್ವತಂತ್ರರೇ ಎಂದು ಕೇಳಿದರೆ ಹೌದು ಎನ್ನಲು ನಾಲಿಗೆ ತಡವರಿಸುತ್ತದೆ. ಒಡೆಯರಿಲ್ಲದಿದ್ದರೂ ಅವರಿಗೆ ಅವಲಂಬನೆಗಳಿವೆ: ಒಂದು ಸರ್ಕಾರದ ಖರೀದಿ, ಇನ್ನೊಂದು ಅಂಗಡಿಯ ರಿಯಾಯಿತಿ, ಈಚೆಗೆ ಸೇರಿಕೊಂಡದ್ದು ಜಾಲತಾಣಗಳ ಮರ್ಜಿ.

ಅಂಗಡಿಯ ಲೆಕ್ಕವನ್ನೇ ಮೊದಲು ನೋಡೋಣ. ಉದಾಹರಣೆಗೆ ಇನ್ನೂರು ರೂಪಾಯಿ ಮುಖಬೆಲೆಯ ಒಂದು ಪುಸ್ತಕ ಇದೆಯೆಂದುಕೊಳ್ಳಿ. ವಿತರಕರಿಗೂ ಮಳಿಗೆಗೂ ಸೇರಿ ಶೇ 40 ಬಿಟ್ಟುಕೊಟ್ಟರೆ 80 ರೂಪಾಯಿ ಹೋಯಿತು. ಲೇಖಕರಿಗೆ ಶೇ 10 ರಾಯಧನವೆಂದರೆ 20. ಕಾಗದ, ಅಚ್ಚು, ಬೈಂಡಿಂಗಿಗೆ 60 ಎಂದಿಟ್ಟುಕೊಂಡರೆ ಉಳಿದದ್ದು 40. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಗೋದಾಮು, ಮಾರಾಟವಾಗದೆ ವಾಪಸು ಬಂದ ಪ್ರತಿಗಳ ನಷ್ಟ ಎಲ್ಲವೂ ಆ 40ರಲ್ಲೇ ಮುಗಿಯಬೇಕು. ಹಣ ಕೈಗೆ ಬರುವುದು ತಿಂಗಳುಗಳ ನಂತರ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಕಾಗದಕ್ಕೂ ಮುದ್ರಣಕ್ಕೂ ಇದೆ, ಹಾಗೆ ಕಟ್ಟಿದ್ದನ್ನು ಹಿಂದಕ್ಕೆ ಪಡೆಯುವ ದಾರಿ ಪ್ರಕಾಶಕರಿಗಿಲ್ಲ. ಇಷ್ಟೆಲ್ಲ ಆದ ಮೇಲೂ ಆ ಪುಸ್ತಕವನ್ನು ಕೊಂಡವರು ಯಾರೆಂಬುದು ಪ್ರಕಾಶಕರಿಗೆ ಗೊತ್ತಾಗುವುದಿಲ್ಲ. ಅದೇ ಓದುಗರು ನೇರವಾಗಿ ಪ್ರಕಾಶಕರಿಂದಲೇ ಕೊಂಡರೆ, ರಿಯಾಯಿತಿ ಕೊಟ್ಟು ಅಂಚೆ ವೆಚ್ಚ ಕಳೆದ ಮೇಲೂ ಉಳಿಕೆ ಹೆಚ್ಚು. ಮುಂದಿನ ಪುಸ್ತಕದ ಸುದ್ದಿ ಮುಟ್ಟಿಸಲು ಒಂದು ವಿಳಾಸವೂ ಸಿಕ್ಕಿತು. ಪುಸ್ತಕದಂಗಡಿಗಳು ಬೇಡವೆಂದು ಇದರ ಅರ್ಥವಲ್ಲ. ಪುಟ ತಿರುವಿ ನೋಡಿ ಅಪರಿಚಿತ ಲೇಖಕರನ್ನು ಕಂಡುಕೊಳ್ಳುವ ಜಾಗ ಇಂದಿಗೂ ಅಂಗಡಿಯೇ. ಆದರೆ ಸಣ್ಣ ಪ್ರಕಾಶನದ ಪೂರ್ಣ ಭಾರವನ್ನು ಅದು ಹೊರಲಾರದು.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ದಶಕಗಳಿಂದ ಆಸರೆಯಾಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ದೂರದೃಷ್ಟಿಯದು. ಆಸ್ತಿ ತೆರಿಗೆಯ ಜತೆಗೆ ವಸೂಲಾಗುವ ಗ್ರಂಥಾಲಯ ಕರದಿಂದ ಪುಸ್ತಕ ಕೊಳ್ಳುವ ವ್ಯವಸ್ಥೆ ರೂಪುಗೊಂಡದ್ದು ಅದರಿಂದ. ಆಯ್ಕೆಯಾದ ಶೀರ್ಷಿಕೆಯ 300 ಪ್ರತಿಗಳನ್ನು ಇಲಾಖೆ ಕೊಂಡರೆ ಕವಿತೆ, ವಿಮರ್ಶೆ, ಸಂಶೋಧನೆಯಂಥ ನಿಧಾನವಾಗಿ ಖರ್ಚಾಗುವ ಪುಸ್ತಕಗಳಿಗೂ ಅಚ್ಚಿನ ಖರ್ಚು ಹುಟ್ಟುತ್ತದೆ. ಈ ಖರೀದಿ ಇಲ್ಲದಿದ್ದರೆ ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳು ಬರುತ್ತಲೇ ಇರಲಿಲ್ಲ. ಆದರೆ ಒಂದೇ ಕೆರೆಯನ್ನು ನೆಚ್ಚಿಕೊಂಡ ಗದ್ದೆಗೆ ತೂಬು ತೆರೆಯುವವರೇ ದಣಿ. ಪುಟಕ್ಕಿಷ್ಟು ಎಂದು ಬೆಲೆ ನಿಗದಿಯಾದಾಗ ಒಳ್ಳೆಯ ಕಾಗದ, ಚಿತ್ರ, ವಿನ್ಯಾಸಗಳಿಗೆ ಬೆಲೆ ಇಲ್ಲದಾಗುತ್ತದೆ. ಆಯ್ಕೆ ತಡವಾದರೆ, ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಕರವನ್ನು ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡರೆ, ಮೊದಲು ಮುಳುಗುವುದು ಸಾಲ ಮಾಡಿ ಪುಸ್ತಕ ಹಾಕಿದ ಸಣ್ಣ ಪ್ರಕಾಶಕ. ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು: ಇಲಾಖೆ ಕೊಂಡರೆ ಸಾಕು ಎಂಬ ಲೆಕ್ಕ ಮನಸ್ಸಿನಲ್ಲಿ ಕೂತ ಪ್ರಕಾಶನಕ್ಕೆ ಓದುಗರನ್ನು ಹುಡುಕುವ ತುರ್ತು ಉಳಿಯುವುದಿಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯಾದವರು 4.37 ಕೋಟಿ. ಇಷ್ಟು ದೊಡ್ಡ ಭಾಷೆಯಲ್ಲಿ ಐನೂರು ಪ್ರತಿ ಖರ್ಚಾದರೆ ಸಮಾಧಾನಪಡುವ ಸ್ಥಿತಿಗೆ ಓದುಗರ ಬರವೊಂದೇ ಕಾರಣವಲ್ಲ. ಅವರನ್ನು ತಲುಪುವ ದಾರಿಯನ್ನು ನಾವು ಹಾಕಿಕೊಳ್ಳಲಿಲ್ಲ.

ಇಂಥ ಹೊತ್ತಿನಲ್ಲಿ ಡಿಜಿಟಲ್ ತಂತ್ರಜ್ಞಾನ ಬಂದದ್ದು ದೊಡ್ಡ ಬಿಡುಗಡೆಯೇ. ಮೊದಲು ಸಾವಿರ ಪ್ರತಿ ಹಾಕದಿದ್ದರೆ ಅಚ್ಚಿನ ದರ ಗಿಟ್ಟುತ್ತಿರಲಿಲ್ಲ. ಈಗ ಡಿಜಿಟಲ್ ಮುದ್ರಣದಲ್ಲಿ ಐವತ್ತು, ನೂರು ಪ್ರತಿ ತೆಗೆಸಿ, ಖಾಲಿಯಾದಂತೆ ಮತ್ತೆ ಹಾಕಿಸಬಹುದು. ಪ್ರತಿಯೊಂದರ ವೆಚ್ಚ ಸ್ವಲ್ಪ ಹೆಚ್ಚಾದರೂ ಗೋದಾಮಿನಲ್ಲಿ ಗೆದ್ದಲು ಹಿಡಿಯುವ ಹಣ ಉಳಿಯುತ್ತದೆ. ‘ಪ್ರತಿಗಳು ಮುಗಿದಿವೆ’ ಎಂಬ ಮಾತಿನಲ್ಲಿ ಯಾವ ಪುಸ್ತಕವೂ ಸಾಯಬೇಕಿಲ್ಲ. ಮೈಲ್ಯಾಂಗ್, ಋತುಮಾನದಂಥ ಕನ್ನಡದವರದೇ ಪ್ರಯತ್ನಗಳು ಇ-ಪುಸ್ತಕವನ್ನೂ ಕೇಳುಪುಸ್ತಕವನ್ನೂ ಓದುಗರ ಮೊಬೈಲಿಗೆ ತಂದಿವೆ. ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇರುವ ಕನ್ನಡಿಗರಿಗೆ ವಿಮಾನ ಸಾಗಣೆಯ ವೆಚ್ಚ ಪುಸ್ತಕದ ಬೆಲೆಗಿಂತ ಹೆಚ್ಚಾಗುವ ಕಷ್ಟ ಇದರಿಂದ ತಪ್ಪಿತು. ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ. ದೃಷ್ಟಿ ಇಲ್ಲದವರು ತಂತ್ರಾಂಶದಿಂದ ಓದಿಸಿ ಕೇಳುತ್ತಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಸಚಿತ್ರ ಕತೆಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಿಕೊಳ್ಳಬಹುದು. ಅಚ್ಚಿನ ಪ್ರೀತಿಯಿಂದ ಇದನ್ನೆಲ್ಲ ಕಡೆಗಣಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಆದರೆ ಬಿಡುಗಡೆಯ ಬಾಗಿಲಿನ ಬೀಗದ ಕೈ ಯಾರ ಹತ್ತಿರವಿದೆ ಎಂಬುದನ್ನೂ ನೋಡಬೇಕು. ಅಮೆಜಾನ್ ಕಂಪನಿ 2016ರ ಕೊನೆಯಲ್ಲಿ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಸಾಹಿತ್ಯದ ಶ್ರೀಮಂತಿಕೆಯಾಗಲಿ ಓದುಗರ ಆಸೆಯಾಗಲಿ ಆ ತೀರ್ಮಾನವನ್ನು ಬದಲಿಸಲಾಗಲಿಲ್ಲ. ಇನ್ನೂ ಹಿಂದೆ, 2009ರಲ್ಲಿ, ಹಕ್ಕುಸ್ವಾಮ್ಯದ ತಕರಾರು ಬಂದಾಗ ಅದೇ ಕಂಪನಿ ಜಾರ್ಜ್ ಆರ್ವೆಲ್‌ರ ‘1984’ ಕಾದಂಬರಿಯ ಪ್ರತಿಗಳನ್ನು ಹಣ ಕೊಟ್ಟು ಕೊಂಡವರ ಸಾಧನಗಳಿಂದಲೇ ಅಳಿಸಿಹಾಕಿತ್ತು. ಪುಸ್ತಕ ಕೊಂಡೆವು ಎಂದುಕೊಂಡವರ ಕೈಯಲ್ಲಿ ಇದ್ದದ್ದು ಓದುವ ಪರವಾನಗಿ ಮಾತ್ರ ಎಂಬುದು ಆಗ ಲೋಕಕ್ಕೆ ತಿಳಿಯಿತು. ಇಂದು ಕನ್ನಡದ ಸಣ್ಣ ಪ್ರಕಾಶಕರು ಹೊಸ ಪುಸ್ತಕದ ಸುದ್ದಿಗೆ ಹೆಚ್ಚಾಗಿ ಫೇಸ್‌ಬುಕ್ಕನ್ನೂ ವಾಟ್ಸ್ಆ್ಯಪ್ಪನ್ನೂ ನಂಬಿದ್ದಾರೆ. ಯಾರ ಕಣ್ಣಿಗೆ ಯಾವ ಪೋಸ್ಟ್ ಬೀಳಬೇಕೆಂದು ನಿರ್ಧರಿಸುವುದು ಅವನ್ನು ನಡೆಸುವ ಕಂಪನಿಯ ಗಣಕ ಸೂತ್ರ. ಅದು ಬದಲಾದ ದಿನ ವರ್ಷಗಳಿಂದ ಕೂಡಿಸಿದ ಸಾವಿರಾರು ಹಿಂಬಾಲಕರಿದ್ದೂ ಮಾತು ಯಾರಿಗೂ ಮುಟ್ಟದಂತಾಗಬಹುದು. ಗ್ರಂಥಮಾಲೆಯ ಚಂದಾದಾರರ ಪಟ್ಟಿಗೂ ಈ ಹಿಂಬಾಲಕರ ಸಂಖ್ಯೆಗೂ ಇರುವ ಅಂತರ ಅಲ್ಲಿದೆ: ಆ ಪಟ್ಟಿ ಪ್ರಕಾಶಕರ ಆಸ್ತಿಯಾಗಿತ್ತು, ಈ ಸಂಖ್ಯೆ ಕಂಪನಿಯ ಆಸ್ತಿ.

ನಮ್ಮ ಕಾನೂನುಗಳೂ ಡಿಜಿಟಲ್ ಪುಸ್ತಕವನ್ನು ಇನ್ನೂ ಪುಸ್ತಕವೆಂದು ಪೂರ್ತಿ ಒಪ್ಪಿಲ್ಲ. 2018ರ ಜುಲೈನಲ್ಲಿ ಇ-ಪುಸ್ತಕಗಳ ಜಿಎಸ್‌ಟಿ ಪರಿಷ್ಕರಣೆಯಾದಾಗ, ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಕ್ಕೆ ಶೇ 5ರ ದರ ಸಿಕ್ಕಿತು. ಅಚ್ಚಾಗದೆ ಡಿಜಿಟಲ್ ರೂಪದಲ್ಲೇ ಹುಟ್ಟಿದ ಪುಸ್ತಕಕ್ಕೆ ಶೇ 18 ಉಳಿಯಿತು. ಕಾಗದದ ಖರ್ಚು ಭರಿಸಲಾಗದೆ ಡಿಜಿಟಲ್ ಆಯ್ದುಕೊಂಡ ಬಡ ಪ್ರಕಾಶಕನ ಮೇಲೇ ಹೆಚ್ಚಿನ ತೆರಿಗೆ ಬೀಳುವುದು ಯಾವ ನ್ಯಾಯ? ಅಂಚೆಯ ಕತೆಯೂ ಹೀಗೇ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಮನೆಯಿಂದಲೇ ಪುಸ್ತಕ ಕಳಿಸುವ ಸಣ್ಣ ಪ್ರಕಾಶಕರಿಗೆ ದೊಡ್ಡ ಏಟು ಬಿತ್ತು. 2025ರ ಮೇ 1ರಿಂದ ಬಂದ ‘ಜ್ಞಾನ್ ಪೋಸ್ಟ್’ ಸ್ವಲ್ಪ ಉಸಿರಾಡುವಂತೆ ಮಾಡಿದೆ: 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಅದರ ಮೇಲೆ ತೆರಿಗೆ. ನೇರ ಮಾರಾಟವನ್ನು ನೆಚ್ಚಿದವರಿಗೆ ಇಂಥ ದರಗಳು ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಿಂತ ದೊಡ್ಡ ವಿಷಯ.

ಕನ್ನಡಕ್ಕೇ ಅಂಟಿಕೊಂಡ ಇನ್ನೊಂದು ತೊಡಕು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಡಿಟಿಪಿ ಬಂದ ಮೇಲಿನ ನಮ್ಮ ಪುಸ್ತಕಗಳಲ್ಲಿ ಬಹುಪಾಲು ನುಡಿ, ಬರಹ, ಶ್ರೀಲಿಪಿಯಂಥ ಹಳೆಯ ಸಂಕೇತಗಳ ಅಕ್ಷರಗಳಲ್ಲಿ, ಪೇಜ್‌ಮೇಕರ್ ಕಡತಗಳಲ್ಲಿ ಕೂತಿವೆ. ಅವನ್ನು ಯುನಿಕೋಡಿಗೆ ಬದಲಿಸದೆ ಇ-ಪುಸ್ತಕ ಮಾಡಲಾಗದು. ಬದಲಿಸುವಾಗ ಒತ್ತಕ್ಷರಗಳು ಜಾಗ ತಪ್ಪುತ್ತವೆ, ಅರ್ಕಾವತ್ತು ಮುರಿಯುತ್ತದೆ. ಒಬ್ಬರು ಕೂತು ಇಡೀ ಪುಸ್ತಕವನ್ನು ಮತ್ತೆ ಓದಿ ತಿದ್ದಬೇಕು. ಎಷ್ಟೋ ಕಡೆ ಕಡತ ಪ್ರಕಾಶಕರ ಬಳಿ ಇರುವುದೂ ಇಲ್ಲ, ಅದು ಡಿಟಿಪಿ ಮಾಡಿದವರ ಹಳೆಯ ಕಂಪ್ಯೂಟರಿನ ಜತೆ ಹಾಳಾಗಿರುತ್ತದೆ. ಹೀಗಾಗಿ ಡಿಜಿಟಲ್ ಎಂದರೆ ಖರ್ಚಿಲ್ಲದ ಕೆಲಸ ಎಂಬ ಮಾತು ಕನ್ನಡದ ಮಟ್ಟಿಗೆ ನಿಜವಲ್ಲ. ಹೊಸ ಪುಸ್ತಕವನ್ನು ಮೊದಲಿಂದಲೇ ಯುನಿಕೋಡಿನಲ್ಲಿ ಸಿದ್ಧಪಡಿಸುವುದು, ಅಂತಿಮ ಕಡತವನ್ನು ಲೇಖಕರೂ ಪ್ರಕಾಶಕರೂ ತಮ್ಮ ಬಳಿ ಜೋಪಾನವಾಗಿ ಇಟ್ಟುಕೊಳ್ಳುವುದು ಇಂದು ಪುಸ್ತಕ ಹಾಕುವ ಯಾರೇ ಆಗಲಿ ಮಾಡಬೇಕಾದ ಮೊದಲ ಕೆಲಸ.

ಬಾಳಿಕೆಯ ವಿಚಾರದಲ್ಲಿ ಅಚ್ಚಿಗೆ ಸಾಟಿಯಾದದ್ದು ಇನ್ನೂ ಬಂದಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಅಚ್ಚಾದ ಪುಸ್ತಕದ ಪ್ರತಿಗಳು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಕಡೆಗಳಿಗೆ ಸಲ್ಲಬೇಕು. ಐನೂರೇ ಪ್ರತಿ ಹಾಕಿದರೂ ಯಾವುದೋ ತಾಲ್ಲೂಕು ಗ್ರಂಥಾಲಯದಲ್ಲಿ, ಯಾರದೋ ಮನೆಯ ಕಪಾಟಿನಲ್ಲಿ ಒಂದು ಪ್ರತಿ ಐವತ್ತು ವರ್ಷದ ನಂತರವೂ ಸಿಗುತ್ತದೆ. ಜಾಲತಾಣದ ಬಾಡಿಗೆ ಕಟ್ಟುವುದು ನಿಂತ ದಿನ ಅಲ್ಲಿನ ಬರಹವೆಲ್ಲ ಒಟ್ಟಿಗೆ ಕಾಣೆಯಾಗುತ್ತದೆ. ಆದ್ದರಿಂದ ಸಣ್ಣ ಪ್ರಕಾಶನಕ್ಕೆ ಅಚ್ಚು ಮತ್ತು ಡಿಜಿಟಲ್ ಎರಡೂ ಬೇಕು, ಬೇರೆ ಬೇರೆ ಕೆಲಸಕ್ಕೆ: ಹರಡಲು, ಹುಡುಕಿಸಿಕೊಳ್ಳಲು, ದೂರದವರನ್ನು ಮುಟ್ಟಲು ಡಿಜಿಟಲ್, ಉಳಿಯಲು, ಉಡುಗೊರೆಯಾಗಲು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಲು ಅಚ್ಚು.

ಯಂತ್ರವೇ ಪುಟಗಟ್ಟಲೆ ಬರೆದುಕೊಡುವ ಈ ಕಾಲದಲ್ಲಿ ಪ್ರಕಾಶಕರ ಅಗತ್ಯವೇನು ಎಂಬ ಪ್ರಶ್ನೆಯೂ ಎದ್ದಿದೆ. ಅಕ್ಷರ ಅಗ್ಗವಾದಷ್ಟೂ ಆಯ್ಕೆಯ ಬೆಲೆ ಏರುತ್ತದೆ. ಇದನ್ನು ಓದಿ, ನಿಮ್ಮ ಸಮಯ ಹಾಳಾಗದು ಎಂದು ಜವಾಬ್ದಾರಿಯಿಂದ ಹೇಳಬಲ್ಲವರು, ಲೇಖಕರ ಜತೆ ಕೂತು ಹಸ್ತಪ್ರತಿಯನ್ನು ತಿದ್ದಿ ತೀಡಬಲ್ಲವರು ಬೇಕು. ಮನೋಹರ ಗ್ರಂಥಮಾಲೆಯಲ್ಲಿ ಕುರ್ತಕೋಟಿಯವರು ಮಾಡಿದ್ದು ಈ ಕೆಲಸವನ್ನೇ. ದುರದೃಷ್ಟವೆಂದರೆ ಖರ್ಚು ಉಳಿಸಬೇಕಾದಾಗ ನಮ್ಮಲ್ಲಿ ಮೊದಲು ಕತ್ತರಿ ಬೀಳುವುದು ಸಂಪಾದನೆಗೆ. ಲೇಖಕರಿಂದಲೇ ಹಣ ಪಡೆದು, ಬಂದದ್ದನ್ನು ಬಂದಂತೆ ಅಚ್ಚು ಹಾಕುವ ಪ್ರಕಾಶನಗಳು ಓದುಗರ ನಂಬಿಕೆಯನ್ನು ಖರ್ಚು ಮಾಡುತ್ತಿವೆ. ಆ ನಂಬಿಕೆ ಒಮ್ಮೆ ಹೋದರೆ ಯಾವ ತಂತ್ರಜ್ಞಾನವೂ ಮರಳಿ ತಂದುಕೊಡಲಾರದು.

ಚಂದಾದಾರರ ಮಾರ್ಗದ ಬಗ್ಗೆ ಎರಡು ಆಕ್ಷೇಪಗಳಿವೆ, ಎರಡಕ್ಕೂ ಗೌರವದಿಂದ ಉತ್ತರಿಸಬೇಕು. ಕನ್ನಡದ ಓದುಗರು ಮುಂಗಡ ಹಣ ಕೊಡುವುದಿಲ್ಲ, ಪಿಡಿಎಫ್ ಪುಕ್ಕಟೆ ಸಿಕ್ಕರೆ ಅದನ್ನೇ ಹಂಚಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಕದ್ದ ಪಿಡಿಎಫ್‌ಗಳ ಹಾವಳಿ ನಿಜವೇ. ಆದರೆ 1980ರಲ್ಲಿ ಪಿ. ಲಂಕೇಶ್ ಜಾಹೀರಾತೇ ಇಲ್ಲದೆ ಪತ್ರಿಕೆ ಆರಂಭಿಸಿ, ಕೊಂಡು ಓದುವವರ ಹಣದಿಂದಲೇ ಅದನ್ನು ನಡೆಸಿ ತೋರಿಸಿದರು. ತಮಗಾಗಿಯೇ ಯಾರೋ ದುಡಿಯುತ್ತಿದ್ದಾರೆ ಎಂದು ಮನವರಿಕೆಯಾದಾಗ ಕನ್ನಡ ಓದುಗರು ಕೈ ಬಿಗಿ ಹಿಡಿದಿಲ್ಲ. ಎರಡನೆಯದು ಇನ್ನೂ ಗಂಭೀರ: ಚಂದಾದಾರರ ರುಚಿಯನ್ನೇ ಪಾಲಿಸುತ್ತ ಹೋದರೆ ಪ್ರಕಾಶನ ಒಂದು ಗುಂಪಿನ, ಒಂದು ಜಾತಿಯ, ಒಂದು ಊರಿನ ಕೂಟವಾಗಿ ಮುಚ್ಚಿಕೊಳ್ಳಬಹುದು. ಈ ಅಪಾಯ ಇದ್ದೇ ಇದೆ. ಇದಕ್ಕೆ ಮದ್ದು ಒಂದೇ ದೊಡ್ಡ ಪಟ್ಟಿಯಲ್ಲ, ಹಲವು ಊರುಗಳ ಹಲವು ಪಟ್ಟಿಗಳು. ಗದಗಿನಿಂದಲೂ ಬಳ್ಳಾರಿಯಿಂದಲೂ ಶಿವಮೊಗ್ಗದಿಂದಲೂ ಪ್ರಕಾಶನಗಳು ನಡೆಯುವುದರಿಂದಲೇ ಬೆಂಗಳೂರಿನ ಕಣ್ಣಿಗೆ ಬೀಳದ ದನಿಗಳು ಪುಸ್ತಕವಾಗುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ಪ್ರಕಾಶಕರು ಮೊದಲು ತಮ್ಮದೇ ಓದುಗರ ಪಟ್ಟಿ ಕಟ್ಟಲಿ, ಕೊಂಡವರ ಒಪ್ಪಿಗೆ ಪಡೆದು, ಆ ಮಾಹಿತಿಯನ್ನು ಬೇರೆಯವರಿಗೆ ಮಾರದೆ. ಒಬ್ಬೊಬ್ಬರಿಗೇ ಆಗದ್ದನ್ನು ಹತ್ತು ಪ್ರಕಾಶನಗಳು ಸೇರಿ ಸಹಕಾರದಿಂದ ಮಾಡಬಹುದು: ಒಂದೇ ಗೋದಾಮು, ಒಂದೇ ರವಾನೆ, ಒಂದೇ ಮಾರಾಟ ತಾಣ, ಹಳೆಯ ಕಡತಗಳನ್ನು ಯುನಿಕೋಡಿಗೆ ತರುವ ಒಂದೇ ತಂಡ. ಸಹಕಾರ ಸಂಘಗಳು ಹುಟ್ಟಿ ಬೆಳೆದ ನಾಡಿನಲ್ಲಿ ಇದು ಅಸಾಧ್ಯವೇನಲ್ಲ. ಅಚ್ಚಿನ ಪ್ರತಿ ಕೊಂಡವರಿಗೆ ಇ-ಪುಸ್ತಕವನ್ನೂ ಜತೆಗೇ ಕೊಡುವ ಕ್ರಮ ಬಂದರೆ ಅಚ್ಚೋ ಡಿಜಿಟಲ್ಲೋ ಎಂಬ ಜಗಳವೇ ಮುಗಿಯುತ್ತದೆ.

ಸರ್ಕಾರದಿಂದ ಕೇಳಬೇಕಾದದ್ದು ದಯೆಯಲ್ಲ, ನಿಯಮದ ಪಾಲನೆ. ಗ್ರಂಥಾಲಯ ಕರವೆಂದು ನಾಗರಿಕರು ಕಟ್ಟಿದ ಹಣ ಗ್ರಂಥಾಲಯಕ್ಕೇ ಹೋಗಲಿ, ಖರೀದಿ ವರ್ಷ ತಪ್ಪದೆ ನಡೆಯಲಿ, ಆಯ್ಕೆಯ ಕಾರಣಗಳು ಬಹಿರಂಗವಾಗಲಿ. ಅರಿವು ಕೇಂದ್ರಗಳೆಂದು ಹೊಸ ಹೆಸರು ಪಡೆದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿವೆ. ಅವುಗಳ ಓದುಗರೇ ತಮ್ಮ ಊರಿಗೆ ಬೇಕಾದ ಒಂದಿಷ್ಟು ಪುಸ್ತಕಗಳನ್ನು ಆರಿಸಿಕೊಳ್ಳುವ ಅವಕಾಶವಿರಲಿ. ಡಿಜಿಟಲ್ ರೂಪದಲ್ಲಷ್ಟೇ ಬಂದ ಪುಸ್ತಕದ ಮೇಲಿನ ಹೆಚ್ಚುವರಿ ತೆರಿಗೆ ರದ್ದಾಗಲಿ.

ಉಳಿದದ್ದು ಓದುಗರ ಪಾಲು. ಪುಸ್ತಕ ಸಂಸ್ಕೃತಿ ಉಳಿಯಬೇಕು ಎಂದು ಸಭೆಗಳಲ್ಲಿ ಹೇಳುವ ನಾವು, ಯಾವ ಪ್ರಕಾಶನದ ಆಯ್ಕೆಯನ್ನು ಮೆಚ್ಚುತ್ತೇವೆಯೋ ಅದಕ್ಕೆ ವರ್ಷಕ್ಕೊಮ್ಮೆ ಚಂದಾ ಕಟ್ಟಬಹುದು, ಅವರಿಂದಲೇ ನೇರವಾಗಿ ಕೊಳ್ಳಬಹುದು, ಓದಿದ್ದರ ಬಗ್ಗೆ ಅವರಿಗೆ ನಾಲ್ಕು ಸಾಲು ಬರೆಯಬಹುದು. ಪ್ರತಿ ತಿಂಗಳು ಮೊಬೈಲಿಗೂ ಸಿನಿಮಾ ಆ್ಯಪ್‌ಗಳಿಗೂ ಹಣ ಕಟ್ಟುವ ಮಧ್ಯಮ ವರ್ಗಕ್ಕೆ ಇದು ಭಾರವಾಗುವ ಮೊತ್ತವಲ್ಲ. ನಾಡಿನ ಇಪ್ಪತ್ತು ಸಣ್ಣ ಪ್ರಕಾಶನಗಳಿಗೆ ತಲಾ ಸಾವಿರ ಚಂದಾದಾರರು ಸಿಕ್ಕರೆ ಗ್ರಂಥಾಲಯ ಇಲಾಖೆಯ ಆಯ್ಕೆ ಸಮಿತಿಯ ಮುಂದೆಯೂ ಕಂಪನಿಯ ಗಣಕ ಸೂತ್ರದ ಮುಂದೆಯೂ ಆ ಪ್ರಕಾಶನಗಳು ಕೈಕಟ್ಟಿ ನಿಲ್ಲಬೇಕಿಲ್ಲ. ಕಾಗದ ದುಬಾರಿಯಾಗಬಹುದು, ಪರದೆ ಬದಲಾಗಬಹುದು, ಆ್ಯಪ್‌ಗಳು ಮುಚ್ಚಬಹುದು. ಸಾವಿರ ಜನ ಓದುಗರನ್ನು ಹೆಸರು ಹಿಡಿದು ಬಲ್ಲ ಪ್ರಕಾಶನ ಮುಂದಿನ ಪುಸ್ತಕವನ್ನು ಯಾವ ರೂಪದಲ್ಲಾದರೂ ತಂದೇ ತರುತ್ತದೆ.